ಗ್ರೀನ್‌ಫರ್ಡಿನ ಖುರಾಕು

ತೊಂಬತ್ತರ ದಶಕದ ನಡುವಿನಲ್ಲಿ, ಪಶ್ಚಿಮ ಲಂಡನ್ನಿನ ಗ್ರೀನ್‌ಫರ್ಡಿನ ನಮ್ಮ ಮನೆಯ ಮೇಲಿನ ಚಿಕ್ಕ ಕೋಣೆಯಲ್ಲಿ ಒಬ್ಬ ಬಾಕ್ಸರ್ ಬಾಡಿಗೆಗಿದ್ದ. ಮನೆ ಕೊಂಡ ಹೊಸದು, ಮಾರ್ಟ್‌ಗೇಜ್ ಕುತ್ತಿಗೆಗೆ ಬಂದಿತ್ತು, ಆ ಕೋಣೆಯನ್ನು ಯಾರಿಗಾದರೂ ಕೊಡಲೇಬೇಕಿತ್ತು. ಬಾಕ್ಸರ್ ಎಂದಾಗ ನಾನು ಬೇಡವೇ ಬೇಡ ಎಂದಿದ್ದೆ. ಕುಡಿದು ಬಂದು ಬಾಗಿಲು ಒದೆಯುವ ಆಸಾಮಿ ಇರಬೇಕು ಎಂಬ ಕಲ್ಪನೆ ನನ್ನದು. ಬಂದವನನ್ನು ನೋಡಿದರೆ ಮೆಲುಮಾತಿನ, ಮೂಗು ಸ್ವಲ್ಪ ಸೊಟ್ಟಗಾದ, ಮೂವತ್ತರ ಹತ್ತಿರದ ಮನುಷ್ಯ. ಹಗಲು ಪಕ್ಕದ ಗೋದಾಮಿನಲ್ಲಿ ಲಾರಿಗೆ ಸಾಮಾನು ತುಂಬುತ್ತಿದ್ದ, ಸಂಜೆ ಜಿಮ್ಮಿಗೆ ಹೋಗುತ್ತಿದ್ದ, ಬೇಗ ಮಲಗುತ್ತಿದ್ದ. ಸಿಂಕಿನಲ್ಲಿ ಒಂದು ಚಮಚವನ್ನೂ ತೊಳೆಯದೆ ಬಿಟ್ಟವನಲ್ಲ. ನನ್ನ ಗಂಡನ ಬಗ್ಗೆ ನಾನು ಆ ಮಾತು ಹೇಳಲಾರೆ.

ಅತ್ತೆ ತೀರಿಕೊಂಡ ಮರುವರ್ಷ ಮಾವನವರು ಬೆಳಗಾವಿಯಿಂದ ಆರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದರು. ಗಂಡ ಆಫೀಸಿಗೆ, ನಾನು ಕೆಮಿಸ್ಟ್ ಅಂಗಡಿಯ ಕೌಂಟರಿಗೆ ಹೋದರೆ ಮನೆಯಲ್ಲಿ ಅವರೊಬ್ಬರೇ. ಬಿಳಿ ಟೋಪಿ, ಸ್ವೆಟರಿನ ಮೇಲೆ ಕೋಟು ಹಾಕಿಕೊಂಡು, ಮುಂದಿನ ಕೋಣೆಯ ಕಿಟಕಿಯ ಹತ್ತಿರ ಕೂತು ಟಪಾಲಿನವನು ಬರುವುದನ್ನು ಕಾಯುತ್ತಿದ್ದರು. ಅವರಿಗೆ ಅಲ್ಲಿ ಟಪಾಲೇನೂ ಬರುತ್ತಿರಲಿಲ್ಲ. ಮೇಲಿನ ಕೋಣೆಯವನ ಕಸುಬು ಏನೆಂದು ಗೊತ್ತಾದ ದಿನ ಮಾತ್ರ ಅವರು ಕುರ್ಚಿ ಬಿಟ್ಟು ಎದ್ದರು. ಮನೆಯೊಳಗೆ ಪೈಲ್ವಾನನನ್ನು ಇಟ್ಟುಕೊಂಡು ತಮಗೆ ಹೇಳಿಯೇ ಇಲ್ಲವೆಂದು ನಮ್ಮಿಬ್ಬರನ್ನೂ ತರಾಟೆಗೆ ತೆಗೆದುಕೊಂಡರು.

ಮಾವನವರೂ ವಯಸ್ಸಿನಲ್ಲಿ ಕುಸ್ತಿ ಆಡಿದವರು. ನಮ್ಮ ಕಡೆ ಪೈಲ್ವಾನನೆಂದರೆ ಮೊದಲು ನೆನಪಾಗುವುದು ಅವನ ಪಟ್ಟುಗಳಲ್ಲ, ಅವನ ಖುರಾಕು: ಬದಾಮಿ, ಹಾಲು, ತುಪ್ಪ, ರೊಟ್ಟಿ. ಸಂಸ್ಥಾನಗಳಿದ್ದಾಗ ರಾಜರು ಇಕ್ಕುತ್ತಿದ್ದರು, ಆಮೇಲೆ ಸಾಹುಕಾರರು ಇಕ್ಕಿದರು. ಮಾವನವರಿಗೆ ಇಕ್ಕುವವರು ಯಾರೂ ಸಿಗಲಿಲ್ಲ. ಮನೆಯಲ್ಲಿ ಎಂಟು ಬಾಯಿ, ಒಂದು ಎಮ್ಮೆ. ಇಪ್ಪತ್ತು ತುಂಬುವ ಮೊದಲೇ ಗರಡಿಮನೆ ಬಿಟ್ಟು ಸಕ್ಕರೆ ಕಾರ್ಖಾನೆ ಸೇರಿದರು. ಕೈಗೆ ಪಟ್ಟು ಬರುತ್ತಿದ್ದವು, ಹೊಟ್ಟೆ ಮಾತ್ರ ಮಾತು ಕೇಳಲಿಲ್ಲ ಎಂದು ಅವರು ನಗುತ್ತ ಹೇಳಿದರೆ ನಾವೂ ನಗುತ್ತಿದ್ದೆವು.

ಹೀಗೆ ನನ್ನ ಅಡುಗೆಮನೆ ಗರಡಿಮನೆಯ ವಶವಾಯಿತು. ಶನಿವಾರ ನನ್ನನ್ನು ಹೊರಡಿಸಿಕೊಂಡು ಸೌತ್‌ಹಾಲ್‌ನಿಂದ ಬದಾಮಿ ತಂದರು. ವೆಂಬ್ಲಿಯ ಗುಜರಾತಿ ಅಂಗಡಿಯಲ್ಲಿ ಜೋಳದ ಹಿಟ್ಟೂ ತುಪ್ಪದ ದೊಡ್ಡ ಡಬ್ಬಿಯೂ ಸಿಕ್ಕವು. ಬದಾಮಿ ನೆನೆಹಾಕಿ, ಸಿಪ್ಪೆ ಸುಲಿದು, ಅರೆದು, ಹಾಲಿಗೆ ಬೆರೆಸಿ, ಬಾಕ್ಸರ್ ಬೆಳಗಿನ ಓಟ ಮುಗಿಸಿ ಬರುವಷ್ಟರಲ್ಲಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ಸಂಜೆ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ನಡುವೆ ತಿನ್ನಲು ಒಂದು ಡಬ್ಬಿ ತುಂಬ ಶೇಂಗಾ ಹೋಳಿಗೆ. ರೊಟ್ಟಿ ಬಡಿಯುವ ಕೈ ನನ್ನದು, ಅದರ ಮೇಲೆ ತುಪ್ಪ ಸುರಿದು ಹೆಸರು ತೆಗೆದುಕೊಳ್ಳುವವರು ಅವರು.

ಬಾಕ್ಸರ್ ಬೇಡ ಎನ್ನುತ್ತಿದ್ದ. ಆದರೆ ನಮ್ಮ ಕಡೆ ಉಣ್ಣುವವರು ಬೇಡ ಎನ್ನುವುದೂ, ನೀಡುವವರು ಕೇಳಿಸಿಕೊಳ್ಳದೆ ನೀಡುವುದೂ ಊಟದ ಭಾಗವೇ. ಬೇಡ ಎಂದದ್ದನ್ನು ನಂಬಿ ಕೈ ಹಿಂತೆಗೆದರೆ ಆ ಮನೆಯ ಮಾನ ಹೋದಂತೆ. ಇದನ್ನು ಅವನಿಗೆ ಇಂಗ್ಲಿಷಿನಲ್ಲಿ ತಿಳಿಸಹೋಗಿ ಸೋತೆ. ಅವನ ಕಷ್ಟವನ್ನು ಮಾವನವರಿಗೆ ತಿಳಿಸಹೋಗಿಯೂ ಸೋತೆ. ತಿಂಗಳ ಕೊನೆಗೆ ಅವನದೊಂದು ದೊಡ್ಡ ಪಂದ್ಯವಿತ್ತು. ಗೆದ್ದರೆ ದಕ್ಷಿಣ ಇಂಗ್ಲೆಂಡಿನ ಪಟ್ಟಕ್ಕೆ ಹೊಡೆದಾಡುವ ಅವಕಾಶ. ಅವನ ವಯಸ್ಸಿಗೆ ಅಂಥದ್ದು ಇನ್ನೊಮ್ಮೆ ಬರುವ ಹಾಗಿರಲಿಲ್ಲ. ಪಂದ್ಯದ ಹಿಂದಿನ ದಿನ ತೂಕದ ಯಂತ್ರದ ಮೇಲೆ ನಿಲ್ಲಬೇಕು, ತನ್ನ ವರ್ಗದ ತೂಕಕ್ಕಿಂತ ಹೆಚ್ಚಿದ್ದರೆ ಪಂದ್ಯವೇ ಇಲ್ಲ. ಇಷ್ಟನ್ನೂ ಹೇಳಿದೆ. ಕುಸ್ತಿಯಲ್ಲಿ ಜೋಡಿ ಹಚ್ಚುವುದು ಕಣ್ಣಳತೆಯಲ್ಲಿ, ತಕ್ಕಡಿಯಲ್ಲಲ್ಲ. ಮಾವನವರಿಗೆ ನಗು ತಡೆಯಲಾಗಲಿಲ್ಲ.

“ತೂಕ ಇಳಿಸಿ ಹೊಡದಾಡಾಕ ಅಂವಾ ಏನ್ ಗುಬ್ಬಿ ಏನವಾ?” ಎಂದರು.

ಬಾಕ್ಸರ್ ಮೂರನೆಯ ‘ಬೇಡ’ದ ನಂತರ ಕೂತು ಉಣ್ಣುತ್ತಿದ್ದ. ತಲೆ ತಗ್ಗಿಸಿ, ಬಹಳ ಶ್ರದ್ಧೆಯಿಂದ ಉಣ್ಣುತ್ತಿದ್ದ.

ಪಂದ್ಯಕ್ಕೆ ಹತ್ತು ಹನ್ನೆರಡು ದಿನ ಇದ್ದಾಗ ಅವನ ತರಬೇತುದಾರ ನಮ್ಮ ಮನೆಗೆ ಬಂದ. ಎಪ್ಪತ್ತು ದಾಟಿದ ಮುದುಕ, ಪೂರ್ವ ಲಂಡನ್ನಿನವನು. ಕಾಲೊರಸಿನ ಮೇಲೆ ಬೂಟು ಒರೆಸಿಕೊಂಡು, ಹ್ಯಾಟು ತೆಗೆದು ಒಳಗೆ ಬಂದು, ಒಲೆಯ ಪಕ್ಕದ ತುಪ್ಪದ ಡಬ್ಬಿಯನ್ನು ಒಂದು ಗಳಿಗೆ ನೋಡಿದ. ಬೈಯುತ್ತಾನೆ ಎಂದುಕೊಂಡೆ. ವಸ್ತಾದರು ಬಂದರು ಎಂದು ಮಾವನವರು ಕೈ ಮುಗಿದರು. ಕುಸ್ತಿ ಕಲಿಸುವ ಗುರುವಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ನನ್ನಿಂದ ಚಹಾ ಮಾಡಿಸಿದರು. ಮುದುಕ ಚಹಾ ಕುಡಿದು, ತನ್ನ ಅಪ್ಪನ ಕಥೆ ಹೇಳುತ್ತೇನೆ, ನಿಮ್ಮ ಮಾವನಿಗೆ ಅವರ ಭಾಷೆಯಲ್ಲಿ ಹೇಳು ಎಂದ.

ಅವನ ಅಪ್ಪ ಹಡಗುಕಟ್ಟೆಯ ಕೂಲಿಯವರ ಮಗ. ಅಪ್ಪನ ಅಜ್ಜನ ಕಾಲದಲ್ಲಿ ಹೊಡೆದಾಟವೆಂದರೆ ಊರಾಚೆಯ ಬಯಲಲ್ಲಿ, ನಸುಕಿನಲ್ಲಿ, ಬರಿಮುಷ್ಟಿಯಲ್ಲಿ, ಪೊಲೀಸರ ಕಣ್ಣು ತಪ್ಪಿಸಿ ನಡೆಯುವ ಕಳ್ಳವ್ಯವಹಾರ. ಶತಮಾನ ಹೊರಳುವ ಹೊತ್ತಿಗೆ ಅದು ಚಾವಣಿಯ ಕೆಳಗೆ ಬಂತು. ಕೈಗೆ ಗವಸು ಬಂದವು, ಮೂರು ನಿಮಿಷದ ಸುತ್ತುಗಳು ಬಂದವು, ಗೋಡೆಯ ಮೇಲೆ ಪೋಸ್ಟರು, ಬಾಗಿಲಲ್ಲಿ ಟಿಕೆಟು. ಹಡಗುಕಟ್ಟೆಯಲ್ಲಿ ಬೆಳಿಗ್ಗೆ ಸಾಲಿನಲ್ಲಿ ನಿಂತು ಕೆಲಸ ಸಿಗದೆ ಮರಳಿದ ಹುಡುಗರಿಗೆ ಬಾಕ್ಸಿಂಗ್ ಹಾಲ್ ಇನ್ನೊಂದು ಸಾಲಾಯಿತು. ಐರಿಷರು, ಯೆಹೂದಿಗಳು, ಯಾರು ಹಸಿದಿದ್ದರೋ ಅವರೆಲ್ಲ ಬಂದರು, ಅಪ್ಪನೂ ಬಂದ. ವಾರಕ್ಕೆ ಎರಡು ಸಲ ಹೊಡೆದಾಡಿದವರೂ ಇದ್ದರು. ಪೇಟೆಯ ನಡುವೆ ಸಾಹೇಬರ ಒಂದು ಕ್ಲಬ್ಬಿತ್ತಂತೆ. ಅವರು ರಾತ್ರಿಯ ಊಟ ಮುಗಿಸಿ, ಕರಿ ಕೋಟಿನಲ್ಲಿ ಕೂತು, ಚುಟ್ಟಾ ಸೇದುತ್ತ ನೋಡುವವರು. ಸುತ್ತು ನಡೆಯುತ್ತಿರುವಾಗ ಅಲ್ಲಿ ಒಬ್ಬರೂ ತುಟಿ ಬಿಚ್ಚುವಂತಿರಲಿಲ್ಲ. ಆ ಮೌನದಲ್ಲಿ ತನ್ನ ಉಸಿರೂ ಗವಸು ಮೈಗೆ ಬೀಳುವ ಸದ್ದೂ ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ ಎಂದು ಅಪ್ಪ ಹೇಳುತ್ತಿದ್ದನಂತೆ.

ಮಾವನವರು ತಲೆ ಅಲ್ಲಾಡಿಸುತ್ತ ಕೇಳುತ್ತಿದ್ದರು. ಹಸಿದವರು ಹೊಡೆದಾಡುವುದು, ಉಂಡವರು ನೋಡುವುದು: ಇಷ್ಟು ಹೊತ್ತು ಅದು ಅವರಿಗೆ ಗೊತ್ತಿದ್ದ ಕಥೆಯೇ ಆಗಿತ್ತು.

ಆಮೇಲೆ ತೂಕದ ವರ್ಗಗಳು ಗಟ್ಟಿಯಾದವು ಎಂದ ಮುದುಕ. ಅದು ನ್ಯಾಯಕ್ಕಾಗಿ ಮಾಡಿದ್ದು. ಸಣ್ಣವನನ್ನು ದೊಡ್ಡವನೆದುರು ನಿಲ್ಲಿಸಬಾರದೆಂದು. ಅವನ ಅಪ್ಪನ ಮೈ ಮಾತ್ರ ಎರಡು ವರ್ಗಗಳ ನಡುವೆ ಸಿಕ್ಕಿಕೊಂಡಿತು. ಮೇಲಿನದರಲ್ಲಿ ಎದುರಾಳಿಗಳು ಎತ್ತರ, ಕೆಳಗಿನದರಲ್ಲಿ ಪಂದ್ಯಗಳು ಹೇರಳ. ಅದಕ್ಕೇ ಅವನು ಮೈ ಇಳಿಸಿದ. ಅವನ ಸೋದರಮಾವನೊಬ್ಬ ಬೇಕರಿಯಲ್ಲಿ ದುಡಿಯುತ್ತಿದ್ದ. ಆ ನೆಲಮಾಳಿಗೆಯ ಒಲೆಯ ಪಕ್ಕದಲ್ಲಿ ಕಂಬಳಿ ಸುತ್ತಿಕೊಂಡು, ಸುತ್ತಲೂ ಬ್ರೆಡ್ ಬೇಯುತ್ತಿರುವಾಗ, ಎರಡು ದಿನ ಏನೂ ತಿನ್ನದೆ, ನೀರೂ ಕುಡಿಯದೆ ಬೆವರಿಳಿಸಿದ. ತೂಕಕ್ಕೆ ಸರಿಯಾಗಿ ಬಂದ. ಹೊಡೆದಾಡಿದ, ಗೆದ್ದ ಕೂಡ. ಅಂದು ಬಿದ್ದ ಏಟುಗಳು ಎಂದಿನಷ್ಟೇ. ಆದರೆ ಅಂದಿನಿಂದ ಅವನ ಕೈ ನಡುಗತೊಡಗಿತು, ಮಾತು ಒಂದಕ್ಕೊಂದು ಕೂಡದಾಯಿತು. ಒಣಗಿದ ತಲೆಗೆ ಏಟು ಬೀಳಬಾರದು ಎನ್ನುವುದು ಮುದುಕನ ನಂಬಿಕೆ.

“ಶಾಲೆಗೆ ಹೋಗುವ ಮೊದಲು ದಿನವೂ ನಾನೇ ಅಪ್ಪನ ಅಂಗಿಗೆ ಗುಂಡಿ ಹಾಕುತ್ತಿದ್ದೆ,” ಎಂದ ಮುದುಕ. “ನಿಮ್ಮ ತುಪ್ಪ ಒಳ್ಳೆಯದೇ. ಅದನ್ನು ನಮ್ಮ ಹುಡುಗ ಕೊನೆಯ ನಾಲ್ಕು ದಿನದಲ್ಲಿ ಬೆವರಿಳಿಸಿ ಕಳೆಯಲು ಹೊರಟರೆ ನಾನು ಬಿಡುವವನಲ್ಲ. ಅಷ್ಟೇ ಹೇಳಲು ಬಂದೆ.”

ಇದನ್ನು ಕನ್ನಡಕ್ಕೆ ತರುವಾಗ ನನ್ನ ದನಿ ನನಗೇ ಬೇರೆಯವರದೆನಿಸಿತು. ಮುದುಕ ಹೋದ ಮೇಲೆ ಮಾವನವರು ಸ್ಟೂಲು ಹತ್ತಿ ತುಪ್ಪದ ಡಬ್ಬಿಯನ್ನು ಕಪಾಟಿನ ಮೇಲಿನ ಮೂಲೆಗೆ ತಳ್ಳಿದರು. ಮರುದಿನದಿಂದ ಬಾಕ್ಸರ್‌ನ ಎದುರು ಬೀಳುವುದನ್ನೇ ತಪ್ಪಿಸಿದರು. ಅವನು ಬರುವ ಹೊತ್ತಿಗೆ ತಮ್ಮ ಕೋಣೆ ಸೇರುತ್ತಿದ್ದರು. ತಾವೂ ಒಂದೇ ಹೊತ್ತು ಉಣ್ಣತೊಡಗಿದರು. ಬಿಪಿ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಡಿ ಎಂದು ನಾನು ರೇಗಿದರೆ ಹಸಿವಿಲ್ಲ ಎನ್ನುತ್ತಿದ್ದರು. ಬಾಕ್ಸರ್ ಬೆಳಿಗ್ಗೆ ಕಾಲುವೆಯ ದಂಡೆಯಲ್ಲಿ ಓಡುವುದನ್ನು ದುಪ್ಪಟ್ಟು ಮಾಡಿದ. ಕೆನ್ನೆ ಒಳಗೆ ಹೋಗಿದ್ದು ಕಾಣುತ್ತಿತ್ತು. ಇಬ್ಬರ ಮುಖವನ್ನೂ ನೋಡಲಾಗದೆ ನಾನು ಕೆಲಸದಿಂದ ತಡವಾಗಿ ಬರಲು ನೆಪ ಹುಡುಕುತ್ತಿದ್ದೆ.

ತೂಕದ ದಿನ ಮಾವನವರು ತಾವೂ ಬರುತ್ತೇನೆ ಎಂದು ಹಟ ಹಿಡಿದರು. ನಾನು ರಜೆ ಹಾಕಿ ಕರೆದುಕೊಂಡು ಹೋದೆ. ಪೂರ್ವ ಲಂಡನ್ನಿನ ಒಂದು ಪಬ್ಬಿನ ಮೇಲಿನ ಕೋಣೆ. ತೂಕದ ಯಂತ್ರ, ಒಂದು ಮೇಜು, ಹತ್ತು ಹದಿನೈದು ಗಂಡಸರು, ಸೀರೆ ಉಟ್ಟವಳು ನಾನೊಬ್ಬಳೇ. ಬಾಕ್ಸರ್ ಚಡ್ಡಿಯಲ್ಲಿ ಯಂತ್ರದ ಮೇಲೆ ನಿಂತ. ಹೆಚ್ಚಿತ್ತು. ಇಬ್ಬರು ಟವೆಲ್ ಅಡ್ಡ ಹಿಡಿದರು, ಚಡ್ಡಿಯನ್ನೂ ತೆಗೆದ. ಆದರೂ ಒಂದೂವರೆ ಪೌಂಡು ಹೆಚ್ಚು. ಇಳಿಸಿಕೊಂಡು ಬರಲು ಒಂದು ಗಂಟೆ ಕೊಟ್ಟರು.

ಅವನು ಪ್ಲಾಸ್ಟಿಕ್ ಅಂಗಿ ಏರಿಸಿಕೊಂಡು, ಕುಣಿಯುವ ಹಗ್ಗ ತೆಗೆದುಕೊಂಡು ಹೊರಗಿನ ಹಾದಿಗೆ ಹೋದ. ಮುದುಕ ಹಿಂದೆಯೇ ಹೋಗಿ ಅವನ ಮುಖವನ್ನು ಬೆಳಕಿಗೆ ತಿರುಗಿಸಿ, ಕೆಳತುಟಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ತುಟಿ ಒಡೆದಿತ್ತು, ನಾಲಿಗೆ ಬೆಳ್ಳಗಿತ್ತು. ಮುದುಕ ಹಗ್ಗವನ್ನು ಅವನ ಕೈಯಿಂದ ಬಿಡಿಸಿಕೊಂಡು ಸುತ್ತಿ ಜೇಬಿಗೆ ಹಾಕಿದ. ಒಳಗೆ ಹೋಗಿ ಮೇಜಿನವರಿಗೆ ಪಂದ್ಯವಿಲ್ಲ ಎಂದು ಹೇಳಿ ಬಂದ. ಯಾರೂ ಜಗಳವಾಡಲಿಲ್ಲ. ಎಲ್ಲವೂ ಅಷ್ಟು ಸದ್ದಿಲ್ಲದೆ ಮುಗಿದುಹೋಯಿತು.

ಮಾವನವರು ಬಾಕ್ಸರ್‌ನ ಮುಂದೆ ಹೋಗಿ ನಿಂತರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ತಪ್ಪೆಲ್ಲ ನನ್ನದು, ನಿನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿದೆ ಎಂದು ಅವನಿಗೆ ಹೇಳು ಎಂದರು. ಹೇಳಿದೆ. ಅವನು ನೀರಿನ ಬಾಟಲಿಯನ್ನು ಖಾಲಿಯಾಗುವವರೆಗೆ ಕುಡಿದು, ಬಾಯಿ ಒರೆಸಿಕೊಂಡ.

“ಅವರು ತಿನ್ನಿಸಲಿಲ್ಲ, ನಾನು ತಿಂದೆ,” ಎಂದ. “ಅವರು ನಿಲ್ಲಿಸಿದ ಮೇಲೂ ತಿಂದೆ. ನೀವೆಲ್ಲ ಮಲಗಿದ ಮೇಲೆ ಕೆಳಗೆ ಬಂದು ಸಿಹಿಯ ಡಬ್ಬಿಯಿಂದ ತೆಗೆದು ತಿಂದೆ. ಹನ್ನೆರಡು ವರ್ಷದಿಂದ ಹಸಿದಿದ್ದೇನೆ. ಇನ್ನು ಸಾಕು.”

ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಕಡಿಮೆಯಾದದ್ದಕ್ಕೆ ಆ ವಾರವೆಲ್ಲ ನಾನು ಗಂಡನನ್ನು ಬೈದಿದ್ದೆ. ಪಾಪ, ಅವನು ಏನೂ ತಿಳಿಯದೆ ಬೈಸಿಕೊಂಡಿದ್ದ. ನಗು ಬರಬೇಕಿತ್ತು, ಬರಲಿಲ್ಲ. ನನಗೆ ಅನ್ನಿಸಿದ್ದು ಸಮಾಧಾನ. ಈ ಬಾಕ್ಸರನ ಅಂಗಿಗೆ ಯಾರೂ ಗುಂಡಿ ಹಾಕಬೇಕಾಗಿಲ್ಲ ಎಂಬ ಸಮಾಧಾನ.

ಮೂವರೂ ಸೆಂಟ್ರಲ್ ಲೈನಿನಲ್ಲಿ ಮನೆಗೆ ಹೊರಟೆವು. ರೈಲು ಸುರಂಗದಿಂದ ಮೇಲೆ ಬಂದು ಬೆಳಕಾಯಿತು. ಆಮೇಲೆ ಮಾವನವರು, ಇನ್ನು ಮುಂದೆ ಹೊಡೆದಾಡುತ್ತಾನೇನು ಎಂದು ನನ್ನಿಂದ ಕೇಳಿಸಿದರು. ಅವನು ಇಲ್ಲ ಎಂದು ತಲೆಯಾಡಿಸಿದ. ಮುಖದಲ್ಲಿ ದುಃಖವಿರಲಿಲ್ಲ, ದಣಿವಿತ್ತು.

“ನಾ ಹಸಗೊಂಡು ಬಿಟ್ಟೆ. ಇಂವಾ ಉಂಡು ಬಿಟ್ಟಾ. ಛಲೋ ಆತು ಬಿಡು,” ಎಂದರು ಮಾವನವರು.

ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಮಾವನವರು ಯಾಕೆ ಕುಸ್ತಿ ಬಿಟ್ಟರೆಂಬುದು ಅವನಿಗೆ ಅಂದೇ ಮೊದಲು ಗೊತ್ತಾದದ್ದು. ಅವನು, ಆಮೇಲಾದರೂ ಅವರಿಗೆ ಹೊಟ್ಟೆ ತುಂಬ ಊಟ ಸಿಕ್ಕಿತೇ ಎಂದು ಕೇಳಿದ. ಅಷ್ಟು ವರ್ಷ ಆ ಕಥೆ ಕೇಳಿ ನಕ್ಕ ನಮಗೆ ಯಾರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ನಾನು ಮಾವನವರನ್ನು ಕೇಳಿದೆ.

“ನಿಮ್ಮತ್ತಿ ಮನೀಗೆ ಬಂದ ಮ್ಯಾಲ ಸಿಕ್ತವಾ,” ಎಂದರು. “ಆಕಿ ಎಲ್ಲಾರದೂ ಆದ ಮ್ಯಾಲ ಉಣ್ಣತಿದ್ದಳು. ಆಕೀಗೆ ಏನರೆ ಉಳೀತಿತ್ತೋ ಇಲ್ಲೋ, ನಾ ಒಂದ ದಿನಾನೂ ಕೇಳಲಿಲ್ಲ.”