ಮೂರನೆಯ ಪತ್ರ

ಮೇಡಂ ಅವರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಜಪಾನಿನ ಪ್ರಯೋಗಾಲಯದಲ್ಲಿ ಮೀನು ಅರೆಯುವ ಯಂತ್ರ ಅದನ್ನು ಕಿತ್ತುಕೊಂಡಿತ್ತಂತೆ. ಆ ಬೋಳು ಬೆರಳನ್ನೇ ತೂರಿಸಿ ಬಂಗುಡೆಯ ಕಿವಿರನ್ನು ಸರಕ್ಕನೆ ಎಳೆದು ತೆಗೆಯುತ್ತಿದ್ದರು. ಮೊಮ್ಮಗಳು "ಅಜ್ಜಿ, ಇಟ್ ಸ್ಮೆಲ್ಸ್!" ಎಂದು ಕಿಟಕಿ ತೆರೆದರೆ, "ನಿನ್ನ ಅಜ್ಜಿ ಡಾಕ್ಟರ್ ಆದದ್ದೇ ಈ ವಾಸನೆಯಿಂದ" ಎನ್ನುತ್ತಿದ್ದರು.

ಅಮೆರಿಕದ ನೆವಾರ್ಕಿನಲ್ಲಿ ಅವರ ಮಗಳ ಅಪಾರ್ಟ್‌ಮೆಂಟು ನನ್ನದರ ಮೇಲಿತ್ತು. ಮೇಡಂ ಮಂಗಳೂರಿನಲ್ಲಿ ಮೀನುಗಾರಿಕೆಯ ಪಾಠ ಹೇಳಿ ನಿವೃತ್ತರಾದವರು. ಯೌವನದಲ್ಲಿ ಜಪಾನಿನ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿವೇತನ ಪಡೆದು ಡಾಕ್ಟರೇಟ್ ಮಾಡಿದ್ದರು. ತಿದ್ದುವ ಚಾಳಿ ಮಾತ್ರ ನಿವೃತ್ತವಾಗಿರಲಿಲ್ಲ. ಲಾಂಡ್ರಿ ರೂಮಿನ ನೋಟಿಸನ್ನೂ ಕೆಂಪು ಪೆನ್ನಿನಲ್ಲಿ ತಿದ್ದಿ ಬರುತ್ತಿದ್ದರು. ಮಗಳು ಹಣೆ ಚಚ್ಚಿಕೊಳ್ಳುತ್ತಿದ್ದರು.

ನಾನು ಕೆಲಸ ಮಾಡುತ್ತಿದ್ದ ಸಣ್ಣ ಬ್ಯಾಟರಿ ಕಂಪನಿ ಬಾಗಿಲು ಹಾಕಿತು. ನನ್ನ ವೀಸಾದ ಪ್ರಕಾರ ಅರವತ್ತು ದಿನದಲ್ಲಿ ಬೇರೆ ಕೆಲಸ ಹುಡುಕದಿದ್ದರೆ ದೇಶ ಬಿಡಬೇಕು. ನನಗೆ ನಿಜಕ್ಕೂ ಬೇಕಾಗಿದ್ದದ್ದು ಕೆಲಸವಲ್ಲ, ಬ್ಯಾಟರಿಯ ಮೇಲೇ ಒಂದು ಡಾಕ್ಟರೇಟು. ಮೂವತ್ತು ದಾಟಿದ ಮೇಲೆ ಮೈಸೂರಿನ ಅಪ್ಪನ ಮುಂದೆ ಕೈಚಾಚಲಾದೀತೇ? ವಿದೇಶಿ ವಿದ್ಯಾರ್ಥಿಗಳಿಗೆ ಫೀಸು ಮನ್ನಾ ಮಾಡಿ ತಿಂಗಳ ಖರ್ಚನ್ನೂ ಕೊಡುವ ಜಪಾನಿನ ವಿದ್ಯಾರ್ಥಿವೇತನವೊಂದೇ ದಾರಿಯಾಗಿ ಕಂಡಿತು. ಆದರೆ ಅದಕ್ಕೆ ಮೊದಲು ಅಲ್ಲಿನ ಪ್ರೊಫೆಸರೊಬ್ಬರು ನನ್ನನ್ನು ಶಿಷ್ಯನಾಗಿ ಒಪ್ಪಬೇಕು. ನಾನು ಒಂದು ಪತ್ರ ಬರೆದು, ಹೆಸರು ಬದಲಿಸಿ, ಒಂದೇ ವಿಭಾಗದ ಮೂವರಿಗೆ ಕಳಿಸಿ, ಜಂಬದಿಂದ ಮೇಡಂಗೆ ತೋರಿಸಿದೆ.

"ಎಂತ ಮಾರಾಯ ಇದು? ಒಂದೇ ಮನೆಯ ಮೂರು ಹುಡುಗಿಯರಿಗೂ 'ನಿನ್ನನ್ನೇ ಮದುವೆ ಆಗ್ತೇನೆ' ಅಂತ ಬರೆದ ಹಾಗೆ ಆಯ್ತಲ್ಲ!"

"ಇಲ್ಲೆಲ್ಲ ಹೀಗೇ ಮಾಡೋದು ಮೇಡಂ. ಎಲ್ಲಾ ಕಡೆ ಅಪ್ಲೈ ಮಾಡ್ತೀವಿ, ಯಾರು ಹೂಂ ಅಂದ್ರೆ ಅವ್ರು."

"ಅಲ್ಲಿ ಹಾಗಲ್ಲ. ಆ ಮೂರು ಜನ ಒಟ್ಟಿಗೆ ಕೂತು ಊಟ ಮಾಡುವವರು. ಒಬ್ಬರು ಒಪ್ಪಿದ್ರೆ ನಿನಗೋಸ್ಕರ ಜಾಗ ಹಿಡಿದಿಡ್ತಾರೆ. ಬೇರೆಯವರಿಗೆ ಇಲ್ಲ ಅಂತಾರೆ, ಗೊತ್ತುಂಟಾ?"

ಆಮೇಲೆ ದನಿ ತಗ್ಗಿತು. ಆ ಕಾಲದಲ್ಲಿ ಅವರೂ ಇಬ್ಬರಿಗೆ ಬರೆದಿದ್ದರಂತೆ. ಒಬ್ಬರ ಬಳಿ ಸೇರಿಕೊಂಡು, ಇನ್ನೊಬ್ಬರಿಗೆ ತಿಳಿಸುವ ಗೋಜಿಗೇ ಹೋಗಲಿಲ್ಲ. ಆ ಹಿರಿಯರು ಇವರಿಗಾಗಿ ಒಂದು ವರ್ಷ ಜಾಗ ಖಾಲಿ ಇಟ್ಟು ಕಾದಿದ್ದರು. "ಅದು ನನಗೆ ಗೊತ್ತಾಗುವಾಗ ಅವರು ತೀರಿಹೋಗಿದ್ರು. ಇನ್ನು ಕ್ಷಮೆ ಯಾರ ಹತ್ರ ಕೇಳುದು?"

ನಾಲ್ಕು ದಿನ ಕೂರಿಸಿ ಮೂವರಿಗೂ ಬೇರೆ ಬೇರೆ ಕ್ಷಮಾಪಣೆ ಬರೆಸಿದರು; ಒಬ್ಬರನ್ನು ಮಾತ್ರ ಆರಿಸಿ ಶಿಷ್ಯನಾಗಿ ಸೇರಿಸಿಕೊಳ್ಳಲು ಕೇಳಬೇಕು, ಉಳಿದಿಬ್ಬರಿಗೆ ಅದನ್ನು ತಿಳಿಸಬೇಕು. 'ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇನೆ' ಎಂಬ ಅರ್ಥದ ಸಾಲು ಕಂಡಾಗ ಗೀಟು ಎಳೆದು, "ಇದೆಂತ, ನೀರಿನ ಪೈಪ್ ಒಡೆದ ನೋಟಿಸಾ? ತಪ್ಪು ಮಾಡಿದೆ ಅಂತ ಬರಿ" ಎಂದರು. ನನಗೆ ರೇಗಿತ್ತು. ಅಮ್ಮನೂ ನನ್ನನ್ನು ಹಾಗೆ ಗದರಿದವರಲ್ಲ.

ಎರಡು ಪತ್ರ ಕಳಿಸಿದೆ. ನಾನು ಆರಿಸಿಕೊಂಡಿದ್ದ ಪ್ರೊಫೆಸರು ವಾರದೊಳಗೆ ಒಪ್ಪಿದರು. ಮೂರನೆಯವರು ಮೊದಲ ಪತ್ರಕ್ಕೇ ಉತ್ತರಿಸಿರಲಿಲ್ಲ. ಇಲ್ಲದ ಉಸಾಬರಿ ಯಾಕೆಂದು ಅವರಿಗೆ ಕಳಿಸಲೇ ಇಲ್ಲ.

"ಮೂರೂ ಹೋಯ್ತಾ?"

"ಹೋಯ್ತು ಮೇಡಂ."

ವಿದ್ಯಾರ್ಥಿವೇತನ ಸಿಕ್ಕಿದ ಸುದ್ದಿ ಬಂದಾಗ ನಾನು ಮೈಸೂರಿಗೆ ಮರಳಿದ್ದೆ. ಫೋನಿನಲ್ಲಿ ಮೇಡಂ ಅತ್ತರು. ಅವರು ಅಳಬಲ್ಲವರೆಂದು ನನಗೆ ತಿಳಿದಿರಲಿಲ್ಲ.

ಜಪಾನಿನಲ್ಲಿ ನನ್ನ ಎರಡನೆಯ ವರ್ಷ ಅವರು ತೀರಿಕೊಂಡರು. ಮಗಳು ಫೋನಿನಲ್ಲಿ ಹೇಳಿದರು: "ಆಸ್ಪತ್ರೆಯಲ್ಲೂ ನಿಮ್ಮದೇ ಮಾತು. 'ನಾನು ಮಾಡದ್ದನ್ನು ಅವ ಮಾಡಿದ' ಅಂತ ನರ್ಸಿನ ಹತ್ರವೂ ಹೇಳಿದ್ರು."

ಮೂರನೆಯ ಕ್ಷಮಾಪಣೆ ಇನ್ನೂ ನನ್ನ ಬಳಿಯೇ ಇತ್ತು. ಮರುದಿನ ಬೆಳಿಗ್ಗೆಯೇ ಮೂರನೆಯ ಪ್ರೊಫೆಸರರ ಕೋಣೆಗೆ ಹೋಗಿ, ತಲೆಬಾಗಿ, ಎಲ್ಲವನ್ನೂ ಒಪ್ಪಿಸಿದೆ. ನನ್ನ ಮೊದಲ ಪತ್ರ ಅವರಿಗೆ ನೆನಪಿತ್ತು. ಒಪ್ಪಿಗೆಯ ಉತ್ತರ ಬರೆಯಲು ಕೂತಿದ್ದ ದಿನವೇ ನಾನು ಪಕ್ಕದವರ ಶಿಷ್ಯನಾದೆನೆಂದು ತಿಳಿಯಿತಂತೆ. ಹೀಗೆ ಬಂದು ಕ್ಷಮೆ ಕೇಳಲು ಯಾರು ಕಲಿಸಿದರೆಂದು ವಿಚಾರಿಸಿದರು.

ನನ್ನ ಟೀಚರ್ ಎಂದೆ.

ಅವರಿಗೆ ತಮ್ಮ ನಮಸ್ಕಾರ ತಿಳಿಸಬೇಕೆಂದರು. ತಿಳಿಸುತ್ತೇನೆ ಎಂದು ಹೇಳಿ ಹೊರಗೆ ಬಂದೆ. ಅವರು ತೀರಿಹೋದರೆಂದು ಹೇಳಲಿಲ್ಲ.