ಮಾಸ್ತಿಕಲ್ಲಿನ ಮುಂದೆ ಸರೋಜಮ್ಮ ಟೀಚರ್

ನಮ್ಮ ಜಿಲ್ಲೆಯನ್ನು ನಾನು ಮೊದಲು ಕಂಡದ್ದು ಶಾಲೆಯ ಅಂಗಳದಲ್ಲಿ, ರಂಗೋಲಿ ಪುಡಿಯಲ್ಲಿ. ಸಮಾಜ ಪಾಠದ ಸರೋಜಮ್ಮ ಟೀಚರ್ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ಬಗ್ಗಿ ತಾಲ್ಲೂಕುಗಳನ್ನು ಬರೆಯುವರು. ಬೆಟ್ಟಕ್ಕೆ ಕಲ್ಲು, ಅರ್ಕಾವತಿಗೆ ಚೊಂಬಿನ ನೀರು. ಆಮೇಲೆ ನಮ್ಮನ್ನು ಅದರೊಳಗೆ ನಿಲ್ಲಿಸಿ, "ಲೇ, ಮಾಗಡೀಲಿ ನಿಂತ್ಕೊಂಡು ಕನಕಪುರದೋಳ ಜಡೆ ಎಳೀತೀಯೇನ್ಲಾ? ನಿನ್ ಕೈ ಅಷ್ಟುದ್ದ ಐತಾ?" ಎಂದು ಗದರುವರು.

ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ ಹಳೆಯ ಕಲ್ಲು ಕಂಡರೆ ಸಾಕು, ಟೀಚರ್ ನಿಂತುಬಿಡುವರು. "ಪುಸ್ತಕದಾಗೆ ರಾಜರ ಕತೆ ಐತೆ. ನಮ್ಮೋರ ಕತೆ ಬೇಕಾದ್ರೆ ಒಸಿ ಬಗ್ಗಿ ನೋಡ್ಬೇಕು," ಎನ್ನುವರು. ನಾವು ನಕ್ಕು ಮುಂದೆ ಓಡುತ್ತಿದ್ದೆವು.

ನನ್ನ ಮದುವೆಯ ದಿನ ನಗು ಬರಲಿಲ್ಲ. ನಮ್ಮೂರಲ್ಲಿ ಮದುಮಗಳು ಊರಾಚೆಯ ಮಾಸ್ತಮ್ಮನ ಕಲ್ಲಿಗೆ ಬಳೆ ಒಪ್ಪಿಸಿಯೇ ಗಂಡನ ಮನೆಗೆ ಹೊರಡಬೇಕು. ಸಂಸಾರ ಕಾಯುವ ದೇವಿ ಎಂದಷ್ಟೇ ನಮಗೆ ಗೊತ್ತು. ಅರಿಶಿನ ಮೆತ್ತಿ ಮೆತ್ತಿ ಆ ಕಲ್ಲಿಗೆ ರೂಪವೇ ಉಳಿದಿರಲಿಲ್ಲ. ಮದುವೆಗೆ ಬಂದು ನನ್ನ ಜೊತೆ ಅಲ್ಲಿಗೂ ನಡೆದಿದ್ದ ಟೀಚರ್ ಬಾಟಲಿ ನೀರು ಸುರಿದು ಅಂಗೈಯಲ್ಲಿ ಉಜ್ಜಿದರು. ಬಳೆ ತೊಟ್ಟು ಮೇಲೆತ್ತಿದ ಒಂದು ಕೈ ಕಾಣಿಸಿತು.

"ಇದು ಮಾಸ್ತಿಕಲ್ಲು ಕಣವ್ವ. ಗಂಡ ಸತ್ತ ಅಂತ ಅವನ ಜೊತೇಲೇ ಬೆಂದು ಹೋದ ಹೆಣ್ಣುಮಗಳು ಇವಳು. ಬಳೆ ಒಡೀಬಾರ್ದು ಅಂತ ಬೆಂಕೀಗೆ ಹೋದೋಳು. ಕೈ ಮುಗಿ, ಬ್ಯಾಡ ಅನ್ನಕಿಲ್ಲ. ಯಾರಿಗ್ ಮುಗೀತಿದ್ದೀಯ ಅಂತ ತಿಳ್ಕೊಂಡು ಮುಗಿ."

ಅಯ್ಯೋ ದೇವರೇ! ಅಜ್ಜಿ, ಅಮ್ಮ, ಅಕ್ಕ ಎಲ್ಲರೂ ನಗುನಗುತ್ತ ಇಲ್ಲಿ ತಲೆಬಾಗಿ ಹೋದವರು. ಕೈ ಮುಗಿದೆನೋ ಇಲ್ಲವೋ, ಈಗಲೂ ನೆನಪಿಲ್ಲ.

ಕೆಲವು ವರ್ಷಗಳ ಮೇಲೆ ಟೀಚರ ಯಜಮಾನರು ತೀರಿಕೊಂಡರು. ವಿಧವೆಯ ಬಳೆ ಒಡೆಸುವುದೂ ಅದೇ ಕಲ್ಲಿನ ಮುಂದೆ. ಅವರ ಅತ್ತೆ ಕಾಳಮ್ಮ, ಹಿಂದೆ ತಾವೂ ಅಲ್ಲೇ ಬಳೆ ಒಡೆಸಿಕೊಂಡವರು, ಸೊಸೆಯ ರಟ್ಟೆ ಹಿಡಿದು ಕರೆತಂದರು. ಟೀಚರ್ ತಕರಾರಿಲ್ಲದೆ ಬಂದು ಕೂತರು. ಸುದ್ದಿ ಕೇಳಿ ಊರಿಗೆ ಬಂದಿದ್ದ ನಾನು, ಇವರೂ ಬಗ್ಗಿಬಿಟ್ಟರಲ್ಲಾ ಎಂದುಕೊಂಡೆ.

ಬಳೆ ಒಡೆಯುವ ಹೆಂಗಸು ಮುಂದೆ ಬಂದಳು. ಟೀಚರ್ ಎರಡೂ ಕೈ ಹಿಂದಕ್ಕೆಳೆದುಕೊಂಡರು.

"ಅತ್ತೆ, ಇವಳು ಬಳೆ ಉಳಿಸ್ಕೊಳಾಕೆ ಸಾಯ್ಬೇಕಾಯ್ತು. ನಾನು ಬದುಕಾಕೆ ಬಳೆ ಒಡೆಸ್ಕೋಬೇಕಾ? ಎಲ್ಡೂ ನನ್ ಕೈಲಾಗಕಿಲ್ಲ."

ಎದ್ದು ಹೊರಟೇಬಿಟ್ಟರು! "ನನ್ ಮನೆತನದ ಮಾನ ಕಳೆದ್ಬುಟ್ಲು," ಎಂದು ಕಾಳಮ್ಮ ಮಣ್ಣು ತೂರಿ ಶಾಪ ಹಾಕಿದರು. ಅಂದಿನಿಂದ ಒಂದೇ ಮನೆಯಲ್ಲಿದ್ದೂ ಸೊಸೆಯೊಡನೆ ಮಾತು ಬಿಟ್ಟರು. ಟೀಚರ್ ಬಳೆ ತೊಟ್ಟೇ ಶಾಲೆಗೆ ಹೋದರು, ಅತ್ತೆಗೆ ಹೊತ್ತು ಹೊತ್ತಿಗೆ ಮುದ್ದೆ ಬಡಿಸಿದರು.

ಕಳೆದ ಆಷಾಢದಲ್ಲಿ ಟೀಚರ್ ಹೋದರೆಂದು ಫೋನ್ ಬಂತು. ಸುಳ್ಳೆಂದೇ ಅಂದುಕೊಂಡೆ. ಹಿಂದಿನ ಸಂಜೆಯಷ್ಟೇ ಫೋನಿನಲ್ಲಿ, ನಾನು ಊರಿಗೆ ಬರುವುದೇ ಇಲ್ಲವೆಂದು ಚೆನ್ನಾಗಿ ಬೈದಿದ್ದರು. ಓಡಿ ಹೋದೆ. ನಡುಮನೆಯಲ್ಲಿ ಮಲಗಿಸಿದ್ದರು. ಸ್ನಾನಕ್ಕೆ ಎತ್ತುವಾಗ ಅವರ ವಾರಗಿತ್ತಿ, "ಗಂಡ ಇಲ್ದೋಳ್ನ ಬಳೆ ಸಮೇತ ಕಳಿಸ್ತೀರಾ?" ಎನ್ನುತ್ತ ಆ ತಣ್ಣನೆಯ ಕೈಯಿಂದ ಬಳೆ ಎಳೆಯತೊಡಗಿದಳು.

ಮೂಲೆಯಲ್ಲಿ ಕೂತಿದ್ದ ಕಾಳಮ್ಮ ತೆವಳಿಕೊಂಡು ಬಂದರು. ಆಕೆಯ ಕೈಯನ್ನು ಬಡಿದು ಸರಿಸಿ, ಸೊಸೆಯ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

"ಬುಡೇ, ಮುಟ್ಬ್ಯಾಡ! ಅವತ್ತು ನನ್ ಬಳೆ ಒಡೆಯೋವಾಗ ಬ್ಯಾಡ ಅನ್ನೋರು ಒಬ್ರೂ ಇರ್ನಿಲ್ಲ."