ವಾರಿಜಾ ಮೇಡಂ ಎತ್ತಿ ತೋರಿಸಿದ ಕೈ

ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಯಲಿ ಎಂದು ಮಳೆ ಕಾಯುತ್ತಿದ್ದವರು ನಾನು ಕಂಡಂತೆ ವಾರಿಜಾ ಮೇಡಂ ಒಬ್ಬರೇ. ಬಣಕಲ್ಲಿನಲ್ಲಿ ನಾವೆಲ್ಲ ಮಳೆ ಬಿಟ್ಟು ಒಂದಿಷ್ಟು ಹೊಳವಾದರೆ ಸಾಕಪ್ಪಾ ಎಂದು ಆಕಾಶ ನೋಡುತ್ತಿದ್ದರೆ, ಅವರು ಚಿಕ್ಕಮಗಳೂರಿನ ಬಸ್ಸಿಳಿದು, ಸೀರೆಯ ಮೇಲೆ ಗಂಡಸರ ರೇನ್‌ಕೋಟು ಏರಿಸಿಕೊಂಡು, ನಮ್ಮ ತೋಟದ ಮೇಲಿನ ಬೋಳುಗುಡ್ಡ ಹತ್ತುತ್ತಿದ್ದರು. ಅಲ್ಲಿ ಅವರ ಬಣ್ಣ ಬಳಿದ ತಗಡುಗಳು ಸಾಲಾಗಿ ನೇತಾಡುತ್ತಿದ್ದವು. ಒಂದೊಂದನ್ನೂ ಮೂಗು ತಾಗುವಷ್ಟು ಹತ್ತಿರದಿಂದ ನೋಡಿ, "ನಮ್ಮ ಮಳೇನ ತಡೆದಿದ್ದು ಎಲ್ಲಿಗೆ ಹೋದ್ರೂ ತಡೀತದೆ" ಎನ್ನುವರು.

ಮೇಡಂ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದರು. ಮಿಲಿಟರಿ ಗಾಡಿಗಳಿಗೆ ತುಕ್ಕು ಹಿಡಿಯದಂತೆ ಮೊದಲು ಒಂದು ಹಳದಿ ಬಣ್ಣ ಹೊಡೆಯುವುದುಂಟಂತೆ. ತುಕ್ಕನ್ನು ಅದು ಚೆನ್ನಾಗಿಯೇ ತಡೆಯುತ್ತದೆ, ಆದರೆ ಅದರಲ್ಲಿರುವ ಕ್ರೋಮಿಯಂ ಹೊಡೆಯುವವರ ಮೈಗೆ ವಿಷ. ವಿಷವಿಲ್ಲದೆ ಅಷ್ಟೇ ಗಟ್ಟಿಯಾಗಿ ನಿಲ್ಲುವ ಬಣ್ಣ ಮಾಡುತ್ತೇನೆಂದು ಅರ್ಜಿ ಹಾಕಿ, ಸೈನ್ಯದ ಸಾಮಗ್ರಿಗಳ ಸಂಶೋಧನೆಗೆಂದು ಕೊಡುವ ಅನುದಾನವನ್ನು ಮೇಡಂ ತಂದಿದ್ದರು. ಇಡೀ ಜಿಲ್ಲೆಯಲ್ಲಿ ಚೆನ್ನಾಗಿ ಮಳೆ ಬೀಳುವ ಜಾಗ ಹುಡುಕುತ್ತ ಬಂದು ನಮ್ಮ ಗುಡ್ಡ ಕೇಳಿದರು. ಜಾಗಕ್ಕೆ ಬಾಡಿಗೆ ಬೇಡವೆಂದು ನಾನು ಹೇಳಿದಾಗ ಅವರ ಕಿವಿ ಕೆಂಪಗಾಯಿತು. ಸಂಕೋಚವಾದರೆ ಅವರಿಗೆ ಮೊದಲು ಕೆಂಪಾಗುವುದು ಕಿವಿ. ನಮ್ಮ ಮನೆಯಲ್ಲಿ ಕಾಫಿ ಕುಡಿದರೆ ಲೋಟವನ್ನು ತಾವೇ ತೊಳೆದಿಟ್ಟು ಹೋಗುತ್ತಿದ್ದರು, ಬೇಡವೆಂದರೆ ಕೇಳುತ್ತಿರಲಿಲ್ಲ.

ಹೆದ್ದಾರಿ ಪಕ್ಕದಲ್ಲಿ ಹಮೀದಣ್ಣನ ಚಿಕ್ಕ ಹೋಟೆಲಿತ್ತು. ಹೆಂಡತಿ ಜುಬೇದಾ ಒಲೆಯ ಮುಂದೆ, ಹಮೀದಣ್ಣ ಗಿರಾಕಿಗಳ ಮುಂದೆ. ಅದಕ್ಕೂ ಮೊದಲು ಅವರು ಮಿಲಿಟರಿ ವರ್ಕ್‌ಶಾಪಿನಲ್ಲಿ ಪೇಂಟರ್ ಆಗಿದ್ದವರು. ಕೈಗಳ ಮೇಲೆ ಹುಣ್ಣು ಮಾಯ್ದು ಉಳಿದ ಗುಳಿಗಳಿದ್ದವು. ನಾವು ಊರಿನವರು ಅದನ್ನು ದಿನಾ ನೋಡಿದರೂ ಏನೆಂದು ಕೇಳಿರಲಿಲ್ಲ. ಮೇಡಂ ಮೊದಲ ದಿನವೇ ಕೇಳಿದರು. ಆಮೇಲೆ ಗುಡ್ಡ ಇಳಿದಾಗಲೆಲ್ಲ ಆ ಬೆಂಚಿನಲ್ಲಿ ಕೂತು, ಎಂಥ ಬಣ್ಣ, ಹೇಗೆ ಹೊಡೆಯುತ್ತಿದ್ದಿರಿ, ಮೂಗಿಗೆ ಬಟ್ಟೆ ಕಟ್ಟುತ್ತಿದ್ದಿರಾ ಎಂದು ವಿಚಾರಿಸುತ್ತಿದ್ದರು. ಹಮೀದಣ್ಣನಿಗೂ ಅವರೆಂದರೆ ಅಭಿಮಾನ.

ಅನುದಾನ ಬಂದದ್ದಕ್ಕೆ ಕಾಲೇಜಿನಲ್ಲಿ ಮೇಡಂಗೆ ಸನ್ಮಾನವಾಯಿತು. ನನ್ನನ್ನೂ ಹಮೀದಣ್ಣನನ್ನೂ ಕರೆದಿದ್ದರು. ಶಾಲು ಹೊದಿಸಿಕೊಂಡು ಮಾತಾಡುತ್ತ ಮಾತಾಡುತ್ತ ಅವರಿಗೆ ಎಲ್ಲಿಲ್ಲದ ಉತ್ಸಾಹ ಬಂದುಬಿಟ್ಟಿತು. ಹಮೀದಣ್ಣನನ್ನು ವೇದಿಕೆಗೆ ಕರೆದು, ಮಣಿಕಟ್ಟು ಹಿಡಿದು ಅವರ ಬಲಗೈಯನ್ನು ಮೇಲಕ್ಕೆತ್ತಿದರು. "ಈ ಕೈ ನೋಡಿ. ಇನ್ನು ಯಾರ ಕೈಯೂ ಹೀಗಾಗಬಾರದು" ಎಂದರು. ಸಭೆ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಹಮೀದಣ್ಣ ಮಾತ್ರ ನೆಲ ನೋಡುತ್ತ ನಿಂತಿದ್ದರು. ಮರುದಿನದ ಪತ್ರಿಕೆಯ ಫೋಟೋದಲ್ಲಿ ಮೇಡಂ ಮುಖಕ್ಕಿಂತ ಆ ಕೈಯೇ ಎದ್ದು ಕಾಣುತ್ತಿತ್ತು.

ಸನ್ಮಾನದ ನಂತರ ಉಳಿದ ಮಳೆಗಾಲವಿಡೀ ಮೇಡಂ ರಜೆ ಸಿಗದೆ ಬರಲಿಲ್ಲ. ಮಳೆ ನಿಂತ ಮೇಲೆ ಬಂದವರು ಗುಡ್ಡದ ಮೇಲೆ ತುಂಬ ಹೊತ್ತು ನಿಂತೇ ಇದ್ದರು. ಹೋಲಿಸಿ ನೋಡಲೆಂದು ಹಳೆಯ ವಿಷದ ಬಣ್ಣ ಬಳಿದು ತೂಗುಹಾಕಿದ್ದ ತಗಡುಗಳಿಗೆ ಏನೂ ಆಗಿರಲಿಲ್ಲ. ಮೇಡಂ ಬಣ್ಣದವು ಗುಳ್ಳೆಯೆದ್ದು, ಒಳಗಿಂದ ತುಕ್ಕು ಇಳಿದು ಕಂದು ನೀರು ಸೋರಿಸಿದ್ದವು. ಬಂಡೆಯ ಮರೆಯಲ್ಲಿದ್ದ ಕೆಲವು ಮಾತ್ರ ಚೆನ್ನಾಗಿದ್ದವು. ಅವರು ಆ ಕೆಲವುಗಳ ಫೋಟೋ ಮಾತ್ರ ತೆಗೆದುಕೊಂಡರು.

ನಾನೂ ಅವರೂ ಇಳಿದು ಹೋಟೆಲಿಗೆ ಹೋದೆವು. ಹಮೀದಣ್ಣ ಎರಡೂ ಕೈಗೆ ಬಿಳಿ ಗ್ಲೌಸು ಹಾಕಿಕೊಂಡು ಟೀ ತಂದಿಟ್ಟರು. ಯಾಕೆಂದು ಮೇಡಂ ಕೇಳಿದರು. ಒಲೆಯ ಮುಂದಿನಿಂದ ಜುಬೇದಾ ಹೇಳಿದರು: "ಫೋಟೋ ಬಂದ್ಮೇಲೆ ಇವರದ್ದು ಅಂಟು ಕಾಯಿಲೆ ಅಂತ ಜನ ಮಾತಾಡಿದ್ರು ಮೇಡಂ. ಇವರು ಮುಟ್ಟಿದ್ದನ್ನ ತಿನ್ನೋದು ಬಿಟ್ರು. ಮತ್ತೆ ಎಂಥ ಮಾಡೋದು?"

ಮೇಡಂ ಕಿವಿ ಮಾತ್ರವಲ್ಲ, ಕತ್ತಿನ ತನಕ ಕೆಂಪಾಯಿತು. ತಗಡುಗಳ ಸಂಗತಿಯನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟರು. ಚೆನ್ನಾಗಿರುವ ತಗಡುಗಳನ್ನಷ್ಟೇ ವರದಿಯಲ್ಲಿ ತೋರಿಸಿದರೆ ಅನುದಾನದ ಎರಡನೇ ಕಂತು ಬರುತ್ತದೆ, ಬಂದರೆ ಬಣ್ಣವನ್ನು ಸರಿ ಮಾಡಬಹುದು, ಇಲ್ಲವಾದರೆ ಹಮೀದಣ್ಣನ ಕೈಯನ್ನು ಊರಿಗೆಲ್ಲ ತೋರಿಸಿದ್ದಕ್ಕೆ ಅರ್ಥವೇ ಇಲ್ಲ ಎಂದರು.

ಹಮೀದಣ್ಣ ಎದುರಿನ ಬೆಂಚಿನಲ್ಲಿ ಕೂತರು. "ನನ್ನ ಕೈ ಹೆಸ್ರಲ್ಲಿ ಸುಳ್ಳು ಬರೀಬೇಡಿ ಮೇಡಂ. ನಾವು ಹೊಡೆದ ಬಣ್ಣ ನಮ್ಮ ಕೈ ತಿಂತು, ಸರಿ. ಆದ್ರೆ ಗಾಡಿ ಯಾವತ್ತೂ ಕೈ ಕೊಟ್ಟಿಲ್ಲ. ಆ ಗಾಡೀಲಿ ಕೂತವನೂ ಯಾರದ್ದೋ ಮನೆ ಮಗನೇ ಅಲ್ವಾ?"

ಮೇಡಂ ತಲೆ ತಗ್ಗಿಸಿದವರು ಬಸ್ಸು ಬರುವ ತನಕ ಎತ್ತಲಿಲ್ಲ.

ವರದಿಯಲ್ಲಿ ಅವರು ಇದ್ದದ್ದನ್ನು ಇದ್ದಂತೆ ಬರೆದರು. ಎರಡನೇ ಕಂತು ಬರಲಿಲ್ಲ. ಕಾಲೇಜಿನವರು ಗೇಟಿಗೆ ಕಟ್ಟಿದ್ದ ಸನ್ಮಾನದ ಫ್ಲೆಕ್ಸ್ ಬಿಚ್ಚಿದರು, ಆ ವಿಷಯ ಎತ್ತುವುದನ್ನೂ ಬಿಟ್ಟರು. ಇದನ್ನು ಮೇಡಂ ಫೋನಿನಲ್ಲಿ ಹೇಳಿದಾಗ ಅವರ ದನಿ ಹಗುರವಾಗಿಯೇ ಇತ್ತು. ಹಮೀದಣ್ಣನ ವಿಷಯ ಬಂದ ಕೂಡಲೇ ಅವಸರದಲ್ಲಿ ಫೋನಿಟ್ಟರು.

ಗುಡ್ಡದ ಮೇಲಿನ ತಗಡುಗಳ ಸ್ಟ್ಯಾಂಡ್ ಬಿಚ್ಚಲು ಅವರು ಕೊನೆಯ ಸಲ ಬಂದದ್ದು ಕಾಫಿ ಹೂ ಬಿಟ್ಟಿದ್ದಾಗ. ಕೆಲಸ ಮುಗಿಸಿ, ನನ್ನನ್ನೂ ಕರೆದುಕೊಂಡು ಹೋಟೆಲಿಗೆ ಹೋದರು. ಮೂಲೆಯಲ್ಲಿ ಲಾರಿಯವರಿಬ್ಬರು ತಿಂಡಿ ತಿನ್ನುತ್ತಿದ್ದರು. ಅವರಿಗೂ ಕೇಳಿಸುವ ಹಾಗೆ ಮೇಡಂ, "ಹಮೀದಣ್ಣ, ನಿಮ್ಮನ್ನ ಒಂದು ಮಾತು ಕೇಳ್ದೆ ನಿಮ್ಮ ಕೈ ಎತ್ತಿ ತೋರಿಸ್ದೆ. ನನ್ನಿಂದ ತಪ್ಪಾಯ್ತು" ಎಂದರು.

ಅದಕ್ಕೇನು ಬಿಡಿ ಎಂದು ಹಮೀದಣ್ಣ ಹೇಳುತ್ತಾರೆಂದು ನಾನು ಕಾದೆ. ಅವರು ಹಾಗೆ ಹೇಳಲಿಲ್ಲ.

"ಹೌದು ಮೇಡಂ. ಆವತ್ತು ನಂಗೆ ಅಲ್ಲಿಂದ ಓಡಿ ಹೋಗ್ಬೇಕು ಅನ್ನಿಸಿತ್ತು" ಎಂದರು. ಟೀ ಗ್ಲಾಸನ್ನು ಅವರ ಹತ್ತಿರಕ್ಕೆ ಸರಿಸಿದರು. "ಟೀ ಆರ್ತದೆ, ಕುಡೀರಿ."

ಮೇಡಂ ಕುಡಿದರು. ಅರ್ಧ ಕುಡಿಯುವಷ್ಟರಲ್ಲಿ ಚಿಕ್ಕಮಗಳೂರಿನ ಬಸ್ಸು ಬಂದು ನಿಂತಿತು. ಹಾರನ್ ಹೊಡೆದರೂ ಅವರು ಏಳಲಿಲ್ಲ. ಬಸ್ಸು ಹೋಯಿತು. ಹಮೀದಣ್ಣ ಇನ್ನೊಂದು ಟೀ ತಂದಿಟ್ಟು, ಮೇಡಂ ಪಕ್ಕದಲ್ಲೇ ಕೂತುಕೊಂಡರು.